ಕೆಳದವಡೆಯ ಮೂರನೇ ಬೇರು

ಆರನೇ ವರ್ಷದ ಸುಮಾರಿಗೆ ಹುಟ್ಟುವ ಕೆಳಗಿನ ಮೊದಲ ದವಡೆ ಹಲ್ಲಿಗೆ ಎಷ್ಟು ಬೇರು? ಪಠ್ಯಪುಸ್ತಕ ಹೇಳುವುದು ಎರಡು, ಮುಂದೊಂದು ಹಿಂದೊಂದು. ಯುರೋಪಿನವರ ಬಾಯಿಗೆ ಈ ಲೆಕ್ಕ ಹೆಚ್ಚುಕಡಿಮೆ ಸರಿ. ಅಲ್ಲಿ ಮೂರು ಬೇರಿನವರು ನೂರಕ್ಕೆ ಐದಕ್ಕಿಂತ ಕಡಿಮೆ. ಚೀನಾ, ತೈವಾನ್, ಕೊರಿಯಾಗಳಲ್ಲಿ ನಾಲ್ಕೈದು ಜನರಲ್ಲಿ ಒಬ್ಬರಿಗೆ ಮೂರು. ಅಲಾಸ್ಕಾ ಕಡೆಯ ದ್ವೀಪಗಳ ಅಲ್ಯೂಟ್ ಜನರಲ್ಲಂತೂ ನೂರಕ್ಕೆ ಸುಮಾರು 40. ಒಬ್ಬರದೇ ಬಾಯಲ್ಲಿ ಎಡಕ್ಕೆ ಎರಡು, ಬಲಕ್ಕೆ ಮೂರು ಇರುವುದೂ ಉಂಟು.

ವಿಯೆನ್ನಾದ ದಂತವೈದ್ಯ ಕಾರಬೆಲ್ಲಿ ಈ ಮೂರನೇ ಬೇರನ್ನು ವರ್ಣಿಸಿದ್ದು 1844ರಲ್ಲೇ ಪ್ರಕಟವಾಗಿತ್ತು. ಈ ಬೇರು ಹಿಂಬದಿಯಲ್ಲಿ, ನಾಲಿಗೆಯ ಕಡೆಗೆ ಇರುತ್ತದೆ. ಗಿಡ್ಡ, ಸಣ್ಣ, ಸಾಮಾನ್ಯವಾಗಿ ಬಾಗಿರುತ್ತದೆ. ನೇರವಾಗಿ ತೆಗೆದ ಎಕ್ಸ್‌ರೇಯಲ್ಲಿ ಪಕ್ಕದ ಬೇರಿನ ನೆರಳಲ್ಲೇ ಅಡಗಿಬಿಡುತ್ತದೆ. ರೂಟ್ ಕೆನಾಲ್ ಮಾಡುವವರು ಅದರ ನಾಳವನ್ನು ಕಾಣದೆ ಹಲ್ಲು ಮುಚ್ಚಿದರೆ ಸೋಂಕು ಒಳಗೇ ಉಳಿಯುತ್ತದೆ, ತಿಂಗಳುಗಳ ಮೇಲೆ ನೋವು ಮರುಕಳಿಸಬಹುದು. ಅದಕ್ಕೇ ಎಕ್ಸ್‌ರೇ ಕೊಳವೆಯನ್ನು ಸ್ವಲ್ಪ ಓರೆ ಮಾಡಿ ಇನ್ನೊಂದು ಚಿತ್ರ ತೆಗೆಯುವುದು. ಎರಡನೇ ಚಿತ್ರ ಯಾಕೆ ಎಂದು ಗೊಣಗುವ ಮುಂಚೆ ಇದು ನೆನಪಿರಲಿ.

ಬೇರು ಮೂಡುವ ಬಗೆ ಸೊಗಸಾಗಿದೆ. ಹಲ್ಲಿನ ತಲೆಭಾಗ ರೂಪುಗೊಂಡ ಮೇಲೆ ಅದರ ಅಂಚಿನ ಜೀವಕೋಶಗಳ ತೆಳುಪದರವೊಂದು ಲಂಗದಂತೆ ಸುತ್ತಲೂ ಕೆಳಗಿಳಿಯುತ್ತದೆ. ಅದರ ಅಂಚಿನಿಂದ ಒಳಕ್ಕೆ ಚಾಚಿದ ಮಡಿಕೆಗಳು ನಡುವೆ ಕೂಡಿಕೊಂಡರೆ ಆ ಲಂಗದ ಕೆಳಗಿನ ಒಂದು ಬಾಯಿ ಎರಡಾಗುತ್ತದೆ, ಮೂರಾಗುತ್ತದೆ. ಪ್ರತಿ ಬಾಯಿಗೂ ಒಂದು ಬೇರು. ಮಡಿಕೆಗಳು ಕೂಡದೆಹೋದರೆ ಬೇರುಗಳು ಅಂಟಿಕೊಂಡೇ ಬೆಳೆದು ಒಳಗಿನ ನಾಳ ಇಂಗ್ಲಿಷಿನ ‘ಸಿ’ ಆಕಾರದ ಸೀಳಾಗುತ್ತದೆ. ಇದು ಹೆಚ್ಚಾಗಿ ಮೊದಲನೆಯದರ ಹಿಂದಿರುವ ಎರಡನೇ ದವಡೆ ಹಲ್ಲಿನಲ್ಲಿ, ಮತ್ತೆ ಪೂರ್ವ ಏಷ್ಯಾದವರಲ್ಲೇ ಹೆಚ್ಚು.

ಹೀಗೆ ಬೇರಿನ ಎಣಿಕೆ ವಂಶದ ಗುರುತೂ ಆಯಿತು. 1971ರಲ್ಲಿ ಮಾನವಶಾಸ್ತ್ರಜ್ಞ ಕ್ರಿಸ್ಟಿ ಟರ್ನರ್ ಅಮೆರಿಕದ ಮೂಲನಿವಾಸಿಗಳ ಬೇರೆ ಬೇರೆ ಗುಂಪುಗಳಲ್ಲಿ ಮೂರು ಬೇರಿನವರ ಪ್ರಮಾಣವನ್ನು ಹೋಲಿಸಿ, ಅವರ ಪೂರ್ವಜರು ಏಷ್ಯಾದಿಂದ ಒಂದೇ ಸಲಕ್ಕೆ ಬಂದವರಲ್ಲ ಎಂದು ವಾದಿಸಿದ.

ಇನ್ನೂ ಹಿಂದಕ್ಕೆ ಹೋಗೋಣ. 1980ರಲ್ಲಿ ಟಿಬೆಟ್ ಪ್ರಸ್ಥಭೂಮಿಯ ಶಿಯಾಹೆ ಬಳಿಯ ಗುಹೆಯಲ್ಲಿ ಬೌದ್ಧ ಸನ್ಯಾಸಿಯೊಬ್ಬರಿಗೆ ಅರ್ಧ ದವಡೆಯೊಂದು ಸಿಕ್ಕಿತ್ತು. ಅದು ಕನಿಷ್ಠ 1,60,000 ವರ್ಷ ಹಳೆಯದು, ಡೆನಿಸೋವನ್ ಎಂಬ ಅಳಿದುಹೋದ ಮಾನವರದು ಎಂದು 2019ರಲ್ಲಿ ಗೊತ್ತಾಯಿತು. ಅದರ ಒಂದು ಹಲ್ಲಿಗೆ ಮೂರು ಬೇರು! ಏಷ್ಯಾದವರಿಗೆ ಈ ಬೇರು ಡೆನಿಸೋವನ್ನರಿಂದಲೇ ಬಂದಿರಬೇಕು ಎಂದಿತು ಒಂದು ತಂಡ. ಇನ್ನೊಂದು ತಂಡ ಮರುವರ್ಷವೇ ಆಕ್ಷೇಪಿಸಿತು: ಶಿಯಾಹೆಯದು ಎರಡನೇ ದವಡೆ ಹಲ್ಲು, ಇಂದಿನವರಲ್ಲಿ ಕಾಣುವುದು ಮುಖ್ಯವಾಗಿ ಮೊದಲನೆಯದರಲ್ಲಿ, ಬೇರಿನ ಜಾಗವೂ ತಾಳೆಯಾಗುವುದಿಲ್ಲ. ನನಗೆ ಆಕ್ಷೇಪವೇ ಗಟ್ಟಿ ಅನಿಸುತ್ತದೆ. ಮಡಿಕೆ ಎಲ್ಲಿ ಬೇಕಾದರೂ ಕೂಡಬಹುದಾದ ಮೇಲೆ, ಮೂರು ಬೇರಾಗುವ ದಾರಿ ಒಂದೇ ಇರಬೇಕಿಲ್ಲವಲ್ಲ.