ಕತ್ತಲಲ್ಲಿ ಕೂತವನನ್ನು ತೋರಿಸುವುದು ಹೇಗೆ?

ಕಣ್ಣಾಮುಚ್ಚಾಲೆ ಆಡುವಾಗ ಬಾಗಿಲ ಸಂದಿಯಲ್ಲಿ ಅಡಗಿದ ಮಗುವಿನ ಎದೆ ಡವಡವ ಅನ್ನುತ್ತಿರುತ್ತದೆ. ಅಲ್ಲೇ ಕೂತು ಕಾಫಿ ಕುಡಿಯುತ್ತಿರುವ ಅಜ್ಜಿಗೆ ಏನೂ ಆಗುವುದಿಲ್ಲ. ಅಡಗುವ ಆಟವನ್ನು ಆಡುವುದೇ ಬೇರೆ, ನೋಡುವುದೇ ಬೇರೆ. ಅಡಗುವುದನ್ನೇ ಜೀವಾಳವಾಗಿಸಿಕೊಂಡ ವಿಡಿಯೊ ಗೇಮ್ ಒಂದನ್ನು ಸರಣಿ ಮಾಡಲು ಹೊರಟವರಿಗೆ ಮೊದಲು ಎದುರಾಗುವುದೇ ಈ ತೊಡಕು.

2025ರ ಅಕ್ಟೋಬರ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ‘ಸ್ಪ್ಲಿಂಟರ್ ಸೆಲ್: ಡೆತ್‌ವಾಚ್’ ಎಂಟು ಕಂತುಗಳ ಆನಿಮೇಷನ್ ಸರಣಿ. ಇದನ್ನು ರೂಪಿಸಿದವರು ‘ಜಾನ್ ವಿಕ್’ ಸಿನಿಮಾ ಬರೆದ ಡೆರೆಕ್ ಕೋಲ್‌ಸ್ಟಾಡ್. ಆನಿಮೇಷನ್ ಮಾಡಿದ್ದು ಡೆನ್ಮಾರ್ಕ್‌ನ ಸನ್ ಕ್ರಿಯೇಚರ್ ಮತ್ತು ಫ್ರಾನ್ಸ್‌ನ ಫೋಸ್ಟ್ ಸ್ಟುಡಿಯೊಗಳು. ಕೆಲಸ ಬಿಟ್ಟು ಸುಮ್ಮನಿದ್ದ ಹಳೆಯ ಗೂಢಚಾರ ಸ್ಯಾಮ್ ಫಿಶರ್. ಗಾಯಗೊಂಡ ಕಿರಿಯ ಏಜೆಂಟ್ ಒಬ್ಬಳು ಅವನ ನೆರವು ಕೇಳಿ ಬರುತ್ತಾಳೆ. ಕಥೆ ಶುರುವಾಗುವುದು ಅಲ್ಲಿಂದ.

ನಾನು ಬೆಂಗಳೂರಿನಲ್ಲಿ ಲೈಟಿಂಗ್ ಕಲಾವಿದ. ಆನಿಮೇಷನ್ ದೃಶ್ಯಗಳಲ್ಲಿ ಬೆಳಕು ಎಲ್ಲಿಂದ ಬರಬೇಕು, ನೆರಳು ಎಲ್ಲಿ ಬೀಳಬೇಕು ಅನ್ನುವುದು ನನ್ನ ಕೆಲಸ. ಹಾಗಾಗಿ ಈ ಸರಣಿಯಲ್ಲಿ ನನ್ನ ಕಣ್ಣು ಹೋಗಿದ್ದು ಕಥೆಗಿಂತ ಜಾಸ್ತಿ ಕತ್ತಲಿನ ಕಡೆಗೆ.

ಮೊದಲು ಗೇಮ್ ಬಗ್ಗೆ ಹೇಳಬೇಕು. ಯೂಬಿಸಾಫ್ಟ್‌ನ ಮಾಂಟ್ರಿಯಲ್ ಸ್ಟುಡಿಯೊ 2002ರಲ್ಲಿ ತಂದ ಮೊದಲ ‘ಸ್ಪ್ಲಿಂಟರ್ ಸೆಲ್’ನಲ್ಲಿ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಪಟ್ಟಿ ಇತ್ತು. ಸ್ಯಾಮ್ ಎಷ್ಟು ಬೆಳಕಿನಲ್ಲಿದ್ದಾನೆ ಅಂತ ಅಳೆಯುವ ಮೀಟರ್. ಮುಳ್ಳು ಕತ್ತಲ ಕಡೆಗಿದ್ದರೆ ಕಾವಲುಗಾರ ಮೂಗಿನ ಮುಂದೆಯೇ ಹಾದುಹೋದರೂ ಗೊತ್ತಾಗದು. ಅಲ್ಲಿ ನೆರಳು ಅಂದರೆ ಬರೀ ಬಣ್ಣವಲ್ಲ, ಕಾಲಿಡಬಹುದಾದ ಜಾಗ. ಜಾಗ ಸಾಲದಿದ್ದರೆ ಬಲ್ಬಿಗೆ ಗುಂಡು ಹೊಡೆದು ಇನ್ನಷ್ಟು ಮಾಡಿಕೊಳ್ಳಬಹುದು. ಇದೇ ಸಾಲಿನ 2005ರ ಗೇಮ್ ‘ಕೇಯಾಸ್ ಥಿಯರಿ’ಯಲ್ಲಿ ಸದ್ದಿಗೂ ಮೀಟರ್ ಬಂತು. ನಿಮ್ಮ ಹೆಜ್ಜೆಯ ಸದ್ದು ಸುತ್ತಲಿನ ಸದ್ದಿಗಿಂತ ಕಡಿಮೆ ಇದ್ದರೆ ಸಾಕು, ಬಚಾವ್.

ಸರಣಿ ನೋಡುವವನ ಕೈಯಲ್ಲಿ ಇದ್ಯಾವುದೂ ಇಲ್ಲ. ಬಲ್ಬು ಒಡೆಯುವುದು ಅವನಲ್ಲ, ಕಾಯುವುದೂ ಅವನಲ್ಲ. ಹಾಗಾದರೆ ಎದೆ ಬಡಿದುಕೊಳ್ಳುವುದು ಯಾಕೆ?

ಇದಕ್ಕೆ ಉತ್ತರ ಗೇಮ್‌ನ ಕ್ಯಾಮೆರಾದಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಅದು ಸ್ಯಾಮ್‌ನ ಕಣ್ಣಲ್ಲಿ ಇಲ್ಲ, ಬೆನ್ನ ಹಿಂದೆ ಇದೆ. ಅವನು ಗೋಡೆಗೆ ಒರಗಿ ನಿಂತಾಗ ಆಟಗಾರ ಕ್ಯಾಮೆರಾ ತಿರುಗಿಸಿ, ಅವನಿಗೆ ಕಾಣದ ತಿರುವಿನಲ್ಲಿ ಯಾರಿದ್ದಾರೆ ಅಂತ ನೋಡಬಹುದು. ಅಂದರೆ ನಮಗೆ ಅವನಿಗಿಂತ ಒಂದು ಚೂರು ಜಾಸ್ತಿ ಗೊತ್ತಿರುತ್ತದೆ. ಭಯ ಹುಟ್ಟುವುದು ಆ ಒಂದು ಚೂರಿನಿಂದ. ಸರಣಿಯಲ್ಲಿ ಆ ಕೆಲಸವನ್ನು ಅಗಲವಾದ ಶಾಟ್ ಮಾಡಬೇಕು. ಅಡಗಿದವನು ಮತ್ತು ಹುಡುಕುವವನು ಇಬ್ಬರೂ ಒಂದೇ ಚೌಕಟ್ಟಿನಲ್ಲಿರಬೇಕು. ನಡುವಿನ ನೆಲ ಕಾಣಬೇಕು. ಒಮ್ಮೆ ಇವನ ಮುಖ, ಒಮ್ಮೆ ಅವನ ಬೂಟು ಅಂತ ಕತ್ತರಿಸಿದರೆ ಇಬ್ಬರ ನಡುವೆ ಎಷ್ಟು ಹೆಜ್ಜೆ ಅನ್ನುವುದೇ ಕಳೆದುಹೋಗುತ್ತದೆ.

ಇನ್ನು ಬೆಳಕು. ಗೇಮ್‌ನಲ್ಲಿ ನೆರಳು ಲೆಕ್ಕದಿಂದ ತಾನಾಗಿಯೇ ಬೀಳುತ್ತದೆ. ದೀಪ ಅಲುಗಿದರೆ ನೆರಳೂ ಅಲುಗುತ್ತದೆ. ಬಿಡಿಸಿದ ಚಿತ್ರದಲ್ಲಿ ಹಾಗಲ್ಲ. ಕೆನ್ನೆಯ ಮೇಲೆ ಕತ್ತಲು ಎಲ್ಲಿ ನಿಲ್ಲಬೇಕು ಅನ್ನುವುದನ್ನು ಯಾರೋ ಒಬ್ಬರು ಕೂತು ತೀರ್ಮಾನಿಸಬೇಕು.

ಆ ತೀರ್ಮಾನ ಎಷ್ಟು ಕಷ್ಟ ಅಂತ ನಾನು ಕಲಿತದ್ದು ನನ್ನ ಮೊದಲ ರಾತ್ರಿ ದೃಶ್ಯದಲ್ಲಿ. ಪರದೆ ಎಳೆದ ಕೋಣೆ, ಒಳ್ಳೆಯ ಮಾನಿಟರ್. ಹತ್ತು ಬಗೆಯ ಕಪ್ಪು ಬಳಿದಿದ್ದೆ. ಎರಡು ದಿನಕ್ಕೆ ಕೆಲಸ ಕೊಟ್ಟವರಿಂದ ಉತ್ತರ ಬಂತು: ‘ಏನೂ ಕಾಣ್ತಿಲ್ಲ.’ ಅವರು ಹಗಲಲ್ಲಿ, ಕಿಟಕಿ ಪಕ್ಕ ಕೂತು ಫೋನಿನಲ್ಲಿ ನೋಡಿದ್ದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಜನ ನೋಡುವುದು ಹಾಗೇ ಅಲ್ವಾ? ಸಾಮಾನ್ಯ 8 ಬಿಟ್ ವಿಡಿಯೊದಲ್ಲಿ ಒಂದೊಂದು ಬಣ್ಣಕ್ಕೆ ಇರುವುದೇ 256 ಮೆಟ್ಟಿಲು. ಅದರಲ್ಲಿ ಕತ್ತಲಿಗೆ ಸಿಗುವುದು ತಳದ ಕೆಲವು ಮಾತ್ರ. ಇಂಟರ್‌ನೆಟ್‌ನಲ್ಲಿ ಕಳಿಸಲು ವಿಡಿಯೊವನ್ನು ಕುಗ್ಗಿಸುವಾಗ ಆ ಕೆಲವೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಯವಾಗಿರಬೇಕಾದ ರಾತ್ರಿಯ ಆಕಾಶ ಪಟ್ಟೆ ಪಟ್ಟೆಯಾಗಿ ಕಾಣುವುದು ಇದರಿಂದಲೇ.

ಹಾಗಾಗಿ ತೆರೆಯ ಮೇಲಿನ ಕತ್ತಲು ನಿಜಕ್ಕೂ ಕಪ್ಪಾಗಿರಬಾರದು. ಹಿನ್ನೆಲೆಗೆ ಮಂದ ನೀಲಿಯೋ ಹಸಿರೋ ಕೊಡುತ್ತೇವೆ. ಅದರ ಮುಂದೆ ಆಳಿನ ಆಕಾರ ಕಪ್ಪಾಗಿ ನಿಲ್ಲುತ್ತದೆ. ಭುಜದ ಅಂಚಿಗೆ ಕೂದಲೆಳೆಯಷ್ಟು ಬೆಳಕು. ಪಟ್ಟೆ ಮುರಿಯಲು ಮೇಲೆ ಸಣ್ಣ ಮರಳಿನಂಥ ಕಣ. ಕತ್ತಲಲ್ಲಿ ನೋಡಲು ಸ್ಯಾಮ್ ತೊಡುವ ಕನ್ನಡಕದ ಮೂರು ಹಸಿರು ದೀಪಗಳನ್ನೇ ನೋಡಿ. ಅಡಗಬೇಕಾದವನ ಹಣೆಯ ಮೇಲೆ ದೀಪ! ಗೇಮ್‌ನಲ್ಲಿ ಕಾವಲುಗಾರರು ಆ ದೀಪಗಳನ್ನು ಗಮನಿಸುವುದೇ ಇಲ್ಲ. ಅವು ಇರುವುದು ನಮಗಾಗಿ, ಕಗ್ಗತ್ತಲಲ್ಲೂ ಅವನು ಇಲ್ಲೇ ಇದ್ದಾನೆ ಅಂತ ಗೊತ್ತಾಗಲಿ ಅಂತ. ನನ್ನ ಲೆಕ್ಕದಲ್ಲಿ ಇಡೀ ಸರಣಿಗೆ ಗೇಮ್‌ನಿಂದ ಸಿಕ್ಕ ದೊಡ್ಡ ಆಸ್ತಿ ಆ ಮೂರು ಚುಕ್ಕಿ.

ದನಿ ಬದಲಾಗಿದೆ. ಗೇಮ್‌ಗಳಲ್ಲಿ ಬಹುಕಾಲ ಸ್ಯಾಮ್ ಆಗಿದ್ದವರು ಮೈಕಲ್ ಐರನ್‌ಸೈಡ್, ಇಲ್ಲಿ ಲೀವ್ ಶ್ರೈಬರ್. ಹಳಬರಿಗೆ ಸ್ವಲ್ಪ ನೋವಾಗುತ್ತದೆ. ಆದರೆ ದಣಿದ ಮನುಷ್ಯನ ದನಿ ಅದು, ಪಾತ್ರಕ್ಕೆ ಒಪ್ಪುತ್ತದೆ.

ನನ್ನ ಒಂದು ತಕರಾರು ಇದೆ. ಹೊಡೆದಾಟ ಜಾಸ್ತಿಯಾಯಿತು. ಹೊಡೆದಾಟಗಳನ್ನು ತುಂಬಾ ಚೆನ್ನಾಗಿ ಕಟ್ಟಿದ್ದಾರೆ, ಏಟು ಎಲ್ಲಿ ಬಿತ್ತು ಅಂತ ಕಣ್ಣಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಆದರೆ ಗೇಮ್ ಆಡುತ್ತಾ ಮೂಲೆಯಲ್ಲಿ ಎರಡು ನಿಮಿಷ ಉಸಿರು ಬಿಗಿಹಿಡಿದು ಕೂತವರಿಗೆ ಆ ಕಾಯುವಿಕೆಯೇ ಬೇಕು. ಇಪ್ಪತ್ತು ಸೆಕೆಂಡು ಯಾರೂ ಅಲುಗಾಡದ ಒಂದು ಶಾಟ್, ದೂರದಲ್ಲಿ ಟಾರ್ಚಿನ ಬೆಳಕು, ಹತ್ತಿರ ಬರುವ ಹೆಜ್ಜೆ. ಇಂಥದ್ದು ಇನ್ನೂ ನಾಲ್ಕು ಇದ್ದಿದ್ದರೆ ಅಂತ ನೋಡುವಾಗೆಲ್ಲ ಅನ್ನಿಸಿತು.

ನಮ್ಮಲ್ಲಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಈಗ ಈ ಸರಣಿಯಿಂದಲೇ ಅಭ್ಯಾಸ ಕೊಡುತ್ತಿದ್ದೇನೆ. ಒಂದು ರಾತ್ರಿ ದೃಶ್ಯವನ್ನು ನಿಲ್ಲಿಸಿ, ಬಣ್ಣ ತೆಗೆದು, ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ ತೋರಿಸುತ್ತೇನೆ. ಸ್ಯಾಮ್ ಎಲ್ಲಿ, ಕಾವಲುಗಾರ ಎಲ್ಲಿ, ನಡುವೆ ಎಷ್ಟು ಹೆಜ್ಜೆ? ಒಂದು ಸೆಕೆಂಡಿನಲ್ಲಿ ಹೇಳಬೇಕು. ಮೊನ್ನೆ ಒಬ್ಬಳು ಮೂರನೆಯದನ್ನೇ ಮೊದಲು ಹೇಳಿದಳು.