ತಾಮ್ರ ಉಳಿಸಬೇಕಾ? ಮೊದಲು ವೋಲ್ಟ್ ನೋಡಿ

ಬೆಂಗಳೂರಿನ ಪೀಣ್ಯದಲ್ಲಿ ಸಣ್ಣ ಮಷಿನ್ ತಯಾರಿಸುವವರು ಆರ್ಡರ್ ಕೊಟ್ಟು ಕೇಬಲ್ ಮಾಡಿಸುವಾಗ ಮೀಟರಿಗೆ ಎರಡು ರೂಪಾಯಿ ಇಳಿಸಿ ಎಂದು ಚೌಕಾಸಿಗೆ ಕೂರುತ್ತಾರೆ. ಅಷ್ಟು ಹೊತ್ತಿಗೆ ರೇಟಿನ ದೊಡ್ಡ ಪಾಲು ಅವರದೇ ಡ್ರಾಯಿಂಗಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ.

2.5 ಸ್ಕ್ವೇರ್ ಎಂಎಂ (ಅಡ್ಡ ಕತ್ತರಿಸಿದರೆ ಕಾಣುವ ತಾಮ್ರದ ವಿಸ್ತೀರ್ಣ) ವೈರಿನ 90 ಮೀಟರ್ ಕಾಯಿಲ್ ತಗೊಳ್ಳಿ. ಅದರೊಳಗೆ ಹೆಚ್ಚುಕಡಿಮೆ 2 ಕೆಜಿ ತಾಮ್ರ ಇರುತ್ತದೆ. ತಾಮ್ರದ ದರ ಲಂಡನ್ ಮೆಟಲ್ ಎಕ್ಸ್‌ಚೇಂಜಿನಲ್ಲಿ ಏರಿಳಿಯುತ್ತದೆ, ಅದರ ಮೇಲೆ ಡಾಲರಿನ ಲೆಕ್ಕ ಬೇರೆ. ಎಸ್‌ಪಿ ರೋಡಿನ ಅಂಗಡಿಯವರು ಎಷ್ಟೇ ಪರಿಚಯದವರಾದರೂ ಇದನ್ನು ಇಳಿಸಲಾರರು. ಇಷ್ಟು ತಾಮ್ರ ನಮಗೆ ನಿಜಕ್ಕೂ ಬೇಕಾ ಅಂತ ನಾವೇ ಕೇಳಿಕೊಳ್ಳಬೇಕು.

ಇಲ್ಲಿದೆ ನೋಡಿ ಸ್ವಾರಸ್ಯ. ವೈರಿನಲ್ಲಿ ಬಿಸಿಯಾಗಿ ಹಾಳಾಗುವ ಶಕ್ತಿ ಆಂಪಿಯರಿನ, ಅಂದರೆ ಹರಿಯುವ ಕರೆಂಟಿನ, ವರ್ಗಕ್ಕೆ ತಕ್ಕಂತೆ ಏರುತ್ತದೆ: ಆಂಪಿಯರ್ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. 240 ವಾಟಿನ ಮೋಟಾರು, 10 ಮೀಟರ್ ದೂರ, 2.5 ಸ್ಕ್ವೇರ್ ವೈರು ಅಂದುಕೊಳ್ಳಿ. 12 ವೋಲ್ಟಿನಲ್ಲಿ 20 ಆಂಪಿಯರ್ ಹರಿಯಬೇಕು. ಹೋಗಿಬರುವ 20 ಮೀಟರ್ ತಾಮ್ರದಲ್ಲಿ ಸುಮಾರು 55 ವಾಟ್ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಅದೇ ಮೋಟಾರನ್ನು 24 ವೋಲ್ಟಿನದು ಆರಿಸಿಕೊಂಡರೆ ಸಾಕು, 10 ಆಂಪಿಯರ್, ನಷ್ಟ 14 ವಾಟಿಗೆ ಇಳಿಯುತ್ತದೆ. 12 ವೋಲ್ಟೇ ಬೇಕು ಅಂತ ಹಟ ಹಿಡಿದು ನಷ್ಟವನ್ನೂ ಅಷ್ಟಕ್ಕೇ ಇಳಿಸಬೇಕೆಂದರೆ 10 ಸ್ಕ್ವೇರ್ ಎಂಎಂ ವೈರು ಬೇಕು. ಅಂದರೆ ನಾಲ್ಕು ಪಟ್ಟು ತಾಮ್ರ! 12 ಇರಲಿ, 24 ಇರಲಿ, ಮೇಲಿನ ಪಿವಿಸಿ ಹೊದಿಕೆಗೆ ಯಾವ ವ್ಯತ್ಯಾಸವೂ ಇಲ್ಲ.

ನಮ್ಮ ಊರಿಗೆ ಕರೆಂಟು ಬಂದದ್ದೇ ಈ ಲೆಕ್ಕದಿಂದ. 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಗಬೇಕಿತ್ತು. ದೂರ ಸುಮಾರು 150 ಕಿಲೋಮೀಟರ್. ಕಡಿಮೆ ವೋಲ್ಟಿನಲ್ಲಿ ಕಳಿಸಹೊರಟಿದ್ದರೆ ಎಷ್ಟು ತಾಮ್ರ ಸುರಿದರೂ ಸಾಲುತ್ತಿರಲಿಲ್ಲ. ಎಂಜಿನಿಯರುಗಳು ಹತ್ತಾರು ಸಾವಿರ ವೋಲ್ಟಿಗೆ ಏರಿಸಿ ಕಳಿಸಿದರು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿದ್ದೂ ಅದೇ ಶಿವನಸಮುದ್ರದ ಕರೆಂಟಿನಿಂದ. ಇಂಥ ಊರಿನಲ್ಲಿ ಇವತ್ತೂ 12 ವೋಲ್ಟಿಗೆ ದಪ್ಪ ಕೇಬಲ್ ಮಾಡಿಸುವುದನ್ನು ಕಂಡರೆ ಬೇಜಾರಾಗುತ್ತದೆ.

ತಾಮ್ರದ ಆಚೆಗೆ ದುಡ್ಡು ಹೋಗುವುದು ವೈರಿನೊಳಗಿನ ಸಣ್ಣ ಎಳೆಗಳಿಗೆ. ವೈರನ್ನು ಶ್ಯಾವಿಗೆಯ ಹಾಗೆ ಒತ್ತಿ ತೆಗೆಯುತ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ, 8 ಎಂಎಂ ರಾಡನ್ನು ಒಂದಕ್ಕಿಂತ ಒಂದು ಸಣ್ಣ ತೂತಿನ ಡೈಗಳಲ್ಲಿ ಎಳೆಯುತ್ತಾ ಹೋಗುತ್ತಾರೆ. ಎಳೆದಷ್ಟೂ ತಾಮ್ರ ಗಡುಸಾಗುತ್ತದೆ, ಮತ್ತೆ ಕಾಯಿಸಿ ಮೆತ್ತಗೆ ಮಾಡಬೇಕು. ಕೂದಲಿನಷ್ಟು ಸಣ್ಣ ಎಳೆ ಬೇಕೆಂದರೆ ಎಳೆತ ಜಾಸ್ತಿ, ಕೂಲಿ ಜಾಸ್ತಿ. ಸದಾ ಬಾಗುವ ಮಷಿನ್ ತೋಳಿಗೆ ಅದು ಬೇಕೇ ಬೇಕು. ಪೈಪಿನೊಳಗೆ ಅಲುಗಾಡದೆ ಮಲಗುವ ಕೇಬಲ್‌ಗೆ ಯಾಕೆ?

ಹೊದಿಕೆಯ ಬಣ್ಣದ್ದೂ ಹೀಗೇ. ಬಣ್ಣ ಬದಲಾದಾಗ ಹಳೇ ಬಣ್ಣ ಪೂರ್ತಿ ಹೋಗುವವರೆಗೆ ಬಂದ ಮಾಲೆಲ್ಲ ಸ್ಕ್ರ್ಯಾಪಿಗೆ. 100 ಮೀಟರ್ ಕೇಳಿದರೂ 5000 ಕೇಳಿದರೂ ಆ ಸ್ಕ್ರ್ಯಾಪು ಅಷ್ಟೇ, ಬಿಲ್ಲಿನಲ್ಲಿ ಸೇರುವುದು ನಿಮಗೇ. ಆರೇಳು ಬಣ್ಣದ ಬದಲು ಫ್ಯಾಕ್ಟರಿಯಲ್ಲಿ ಆಗಲೇ ಓಡುತ್ತಿರುವ ಬಣ್ಣ ತೆಗೆದುಕೊಂಡು ವೈರಿನ ತುದಿಗೆ ನಂಬರಿನ ಫೆರೂಲ್ (ಗುರುತಿನ ಸಣ್ಣ ಕೊಳವೆ) ಹಾಕಿ. ಮೂರು ತಿಂಗಳ ಆರ್ಡರನ್ನು ಒಟ್ಟಿಗೇ ಕೊಡಿ.

ಬೆಳ್ಳಿ ಲೇಪಿಸಿದರೆ ಕರೆಂಟು ಚೆನ್ನಾಗಿ ಓಡುತ್ತದೆ ಅಂತ ನಂಬಿ ದುಡ್ಡು ಸುರಿಯುವವರೂ ಇದ್ದಾರೆ. ಅಚ್ಚ ಬೆಳ್ಳಿಯೇ ತಾಮ್ರಕ್ಕಿಂತ ಆರೇಳು ಪರ್ಸೆಂಟ್ ಮಾತ್ರ ಉತ್ತಮ. ಸಾಮಾನ್ಯ ಪವರ್ ಕೇಬಲ್‌ನಲ್ಲಿ ತೆಳುವಾದ ಲೇಪದಿಂದ ಏನೂ ಗಿಟ್ಟುವುದಿಲ್ಲ.

ತಾಮ್ರದ ಹೆಸರಿನಲ್ಲಿ ತಾಮ್ರ ಹೊದಿಸಿದ ಅಲ್ಯೂಮಿನಿಯಂ ಮಾತ್ರ ಬೇಡವೇ ಬೇಡ. ಅಷ್ಟೇ ದಪ್ಪದಲ್ಲಿ ಅದು ಹೆಚ್ಚು ಬಿಸಿಯಾಗುತ್ತದೆ, ಸ್ಕ್ರೂ ಹಾಕಿದ ಕಡೆ ಸಡಿಲವಾಗಿ ಸುಡುತ್ತದೆ. ಪರೀಕ್ಷೆ ಸುಲಭ. 2.5 ಸ್ಕ್ವೇರಿನ ಒಂದು ಮೀಟರ್ ಕತ್ತರಿಸಿ, ಪ್ಲಾಸ್ಟಿಕ್ ಸುಲಿದು ತೂಕಕ್ಕೆ ಹಾಕಿ. ತಾಮ್ರವಾದರೆ 22 ಗ್ರಾಮಿನ ಆಸುಪಾಸು ಇರಬೇಕು, ತಾಮ್ರ ಹೊದಿಸಿದ ಅಲ್ಯೂಮಿನಿಯಂ ಅದರ ಅರ್ಧವೂ ತೂಗುವುದಿಲ್ಲ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗಿನ ಬಿಳಿ ಕಾಣುತ್ತದೆ. ಕಂಡರೆ ಇಡೀ ಡ್ರಮ್ಮನ್ನು ವಾಪಸ್ ಕಳಿಸಿ.