‘ಈ ಗುಳಿಗಿಗೆ ಕ್ಯಾನ್ಸರ್ ಬರ್ತೇತಂತ, ಖರೇನ್ರಿ?’

ಇಂಡಿ, ಜಮಖಂಡಿ, ಗೋಕಾಕ ಕಡೆ ಗರ್ಭ ತಡೆಯುವ ಮಾಲಾ-ಎನ್ ಗುಳಿಗೆಯ ಪಟ್ಟಿ ಹಿಡಿದು ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆ ಈ ಪ್ರಶ್ನೆಗೆ ‘ಹೌದು’ ಎಂದರೂ ತಪ್ಪು, ‘ಇಲ್ಲ’ ಎಂದರೂ ತಪ್ಪು. ಯಾವ ಅಂಗದ ಕ್ಯಾನ್ಸರ್ ಎಂದು ಮೊದಲು ಕೇಳಬೇಕು.

ಪಟ್ಟಿಯಲ್ಲಿ 28 ಗುಳಿಗೆ. ಕೊನೆಯ ಏಳರಲ್ಲಿ ಹಾರ್ಮೋನೇ ಇಲ್ಲ, ಬರೀ ಕಬ್ಬಿಣಾಂಶ. ದಿನಾ ನುಂಗುವ ರೂಢಿ ತಪ್ಪಬಾರದೆಂದು ಇಟ್ಟದ್ದು. ಉಳಿದ 21ರಲ್ಲಿ ತಲಾ 0.15 ಮಿ.ಗ್ರಾಂ ಲೆವೊನಾರ್ಜೆಸ್ಟ್ರೆಲ್ ಹಾರ್ಮೋನು, 0.03 ಮಿ.ಗ್ರಾಂ ಎಥಿನೈಲ್ ಎಸ್ಟ್ರಡಯಾಲ್ ಎಂಬ ಈಸ್ಟ್ರೊಜೆನ್. 1960ರಲ್ಲಿ ಅಮೆರಿಕ ಒಪ್ಪಿದ ಎನೊವಿಡ್ ಗುಳಿಗೆಯಲ್ಲಿ ಈಸ್ಟ್ರೊಜೆನ್ ಒಂದೇ 0.15 ಮಿ.ಗ್ರಾಂ ಇತ್ತು, ತೂಕದಲ್ಲಿ ಈಗಿನ ಐದು ಪಟ್ಟು. ಅದನ್ನು ಇಳಿಸಿದ್ದು ಕ್ಯಾನ್ಸರ್ ಭಯಕ್ಕಲ್ಲ, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತಿದ್ದ ಕಾರಣಕ್ಕೆ. ಕ್ಯಾನ್ಸರ್ ಬೆಳೆಯಲು ದಶಕಗಳೇ ಬೇಕಾದ್ದರಿಂದ ಅದರ ಲೆಕ್ಕ ಸಿಕ್ಕಿದ್ದು ಬಹಳ ತಡವಾಗಿ.

ಸ್ತನದ ಲೆಕ್ಕ 1996ರಲ್ಲಿ ಬಂತು. 54 ಅಧ್ಯಯನಗಳನ್ನು, 53,297 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಗುಳಿಗೆ ನುಂಗುತ್ತಿರುವವರಲ್ಲಿ ಸ್ತನ ಕ್ಯಾನ್ಸರ್ ಶೇ. 24ರಷ್ಟು ಹೆಚ್ಚು ಕಂಡಿತು. ಬಿಟ್ಟು ಹತ್ತು ವರ್ಷವಾದವರಲ್ಲಿ ಆ ಹೆಚ್ಚಳ ಇರಲಿಲ್ಲ. ‘ಶೇ. 24’ ಅಂದಕೂಡಲೇ ಎದೆ ಧಸಕ್ಕೆನ್ನುತ್ತದೆ. ಆದರೆ ಗುಳಿಗೆ ನುಂಗುವ ವಯಸ್ಸಿನಲ್ಲಿ ಈ ರೋಗವೇ ಅಪರೂಪ. 25ರಿಂದ 29ರ ನಡುವೆ ಗುಳಿಗೆ ಬಳಸಿದ 10,000 ಮಂದಿಯನ್ನು, ಬಿಟ್ಟ ಮೇಲೆ ಹತ್ತು ವರ್ಷದವರೆಗೂ ಗಮನಿಸಿದರೆ, ಹೆಚ್ಚುವರಿ ಪ್ರಕರಣ 4.7. ಅದೂ ಯುರೋಪು, ಉತ್ತರ ಅಮೆರಿಕದ ಲೆಕ್ಕ. ನಮ್ಮಲ್ಲಿ ಸ್ತನ ಕ್ಯಾನ್ಸರ್ ಪ್ರಮಾಣ ಅಲ್ಲಿಗಿಂತ ಕಡಿಮೆ. ಪತ್ರಿಕೆಗಳ ತಲೆಬರಹಕ್ಕೆ ಶೇಕಡಾವಾರು ಬೇಕು, ಮನೆ ಬಾಗಿಲಲ್ಲಿ ನಿಂತ ಹೆಣ್ಣುಮಗಳಿಗೆ ಬೇಕಾದದ್ದು ಈ 4.7.

ಅಂಡಾಶಯದ್ದು ತಿರುಗುಮುರುಗು ಕಥೆ. 2008ರ ಒಟ್ಟು ಲೆಕ್ಕದಲ್ಲಿ ಐದೈದು ವರ್ಷದ ಬಳಕೆಗೆ ಅಪಾಯ ಸುಮಾರು ಐದನೇ ಒಂದರಷ್ಟು ಇಳಿಯುತ್ತ ಹೋಗಿ, ಹದಿನೈದು ವರ್ಷಕ್ಕೆ ಅರ್ಧವಾಗಿತ್ತು. ಗರ್ಭಕೋಶದ ಒಳಪದರದ ಕ್ಯಾನ್ಸರಿನಲ್ಲೂ ಇಳಿಕೆಯೇ. ಇನ್ನು ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಹೆಚ್ಚಿನವರು ಮಾಡಿಸಿಕೊಳ್ಳುವ ಸಂತಾನಹರಣ ಆಪರೇಷನ್: ಅದರಲ್ಲಿ ಹಾರ್ಮೋನಿನ ಮಾತೇ ಇಲ್ಲ, ಅಂಡಾಶಯದ ಕ್ಯಾನ್ಸರ್ ಕೂಡ ಒಂದಿಷ್ಟು ಕಡಿಮೆಯಾಗುತ್ತದೆ.

ನಮ್ಮ ಕಡೆ ನಿಜಕ್ಕೂ ತಲೆಕೆಡಿಸಿಕೊಳ್ಳಬೇಕಾದದ್ದು ಗರ್ಭಕೋಶದ ಕಂಠದ ಬಗ್ಗೆ. ಅಲ್ಲಿ ಮೂಲ ಅಪರಾಧಿ ಎಚ್‌ಪಿವಿ ವೈರಸ್. ಅದನ್ನು ತೋರಿಸಿಕೊಟ್ಟ ಹೆರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಐದು ವರ್ಷ ಮೀರಿ ಗುಳಿಗೆ ನುಂಗುತ್ತಿರುವವರಲ್ಲಿ ಈ ಕ್ಯಾನ್ಸರ್ ಹೆಚ್ಚುಕಡಿಮೆ ಇಮ್ಮಡಿ ಎಂದು 2007ರ ಲೆಕ್ಕ ಹೇಳಿತು. ಬಡ ದೇಶಗಳಲ್ಲಿ 20ರಿಂದ 30ರವರೆಗೆ ಗುಳಿಗೆ ನುಂಗಿದರೆ, 50ರೊಳಗೆ ಸಾವಿರಕ್ಕೆ 7.3 ಇದ್ದದ್ದು 8.3 ಆಗುತ್ತದೆ. ಆ ಹೆಚ್ಚುವರಿ ಒಂದಕ್ಕಿಂತ ಮೊದಲೇ ಇದ್ದ ಏಳು ದೊಡ್ಡದು. ಅದಕ್ಕೆ ಮದ್ದೆಂದರೆ ಕಂಠದ ತಪಾಸಣೆ.

ಉಪಕರಣ ಬಹಳ ಬೇಡ. ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ ಇಟ್ಟು, ಶೇ. 5ರ ಅಸಿಟಿಕ್ ಆಮ್ಲದಲ್ಲಿ ತೋಯಿಸಿದ ಹತ್ತಿಯನ್ನು ಕಂಠಕ್ಕೆ ಒತ್ತಿ, ಗಡಿಯಾರ ನೋಡಿ ಒಂದು ನಿಮಿಷ ಕಾಯಬೇಕು. ಕೆಟ್ಟ ಜೀವಕೋಶಗಳಿದ್ದ ಜಾಗ ಅಂಚು ಕಟ್ಟಿದಂತೆ ಬೆಳ್ಳಗಾಗುತ್ತದೆ. ತಪ್ಪುವುದು ಸಣ್ಣ ಸಣ್ಣದರಲ್ಲಿ: 5 ಮಿ.ಲೀ. ಗಟ್ಟಿ ಆಮ್ಲಕ್ಕೆ 95 ಮಿ.ಲೀ. ನೀರು ಬೆರೆಸಿದ ದ್ರಾವಣವನ್ನು ಅಂದಂದೇ ತಯಾರಿಸದೆ ಹಳೆಯದನ್ನೇ ಬಳಸುವುದು, ನಿಮಿಷ ತುಂಬುವ ಮೊದಲೇ ನೋಡಿಬಿಡುವುದು. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗವೇ ಕಂಠದ ಒಳಕ್ಕೆ ಸರಿದಿರುತ್ತದೆ. ಅವರಿಗೆ ಈ ಪರೀಕ್ಷೆ ನೆಚ್ಚುವಂಥದ್ದಲ್ಲ. ವಿಜಯಪುರದಿಂದ ಸೊಲ್ಲಾಪುರ ದಾಟಿದರೆ ಸಿಗುವ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ 1.31 ಲಕ್ಷ ಹೆಂಗಸರ ಮೇಲೆ ನಡೆದ ಪ್ರಯೋಗದ ಫಲ 2009ರಲ್ಲಿ ಪ್ರಕಟವಾಯಿತು: ಒಂದೇ ಒಂದು ಸಲದ ಎಚ್‌ಪಿವಿ ಪರೀಕ್ಷೆ ಈ ಕ್ಯಾನ್ಸರಿನ ಸಾವನ್ನು ಅರ್ಧಕ್ಕೆ ಇಳಿಸಿತ್ತು. ಅಸಿಟಿಕ್ ಆಮ್ಲದ ಪರೀಕ್ಷೆಗೆ ಅಲ್ಲಿ ಅಂಥ ಫಲ ಸಿಗಲಿಲ್ಲ.

ಗರ್ಭ ತಡೆಯುವ ಸೂಜಿಯ ಜಗಳ ಬೇರೆ. ಆ ಸೂಜಿಯಲ್ಲಿರುವ ಹಾರ್ಮೋನು ಡಿಎಂಪಿಎ ಕೊಟ್ಟ ಬೀಗಲ್ ತಳಿಯ ನಾಯಿಗಳ ಮೊಲೆಯಲ್ಲಿ ಗಂಟು ಕಂಡದ್ದೂ ಒಂದು ಕಾರಣವಾಗಿ ಅಮೆರಿಕ 1978ರಲ್ಲಿ ಅದನ್ನು ನಿರಾಕರಿಸಿತು. ನಾಯಿಯ ಮೊಲೆ ಈ ಹಾರ್ಮೋನಿಗೆ ಸ್ಪಂದಿಸುವ ಬಗೆಯೇ ಬೇರೆ ಎಂಬುದು ಆಮೇಲೆ ತಿಳಿಯಿತು. ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ. ಇಲ್ಲಿ ‘ಅಂತರಾ’ ಹೆಸರಿನಲ್ಲಿ 2017ರಿಂದ ಉಚಿತ: 150 ಮಿ.ಗ್ರಾಂ, ಮೂರು ತಿಂಗಳಿಗೊಮ್ಮೆ. ಔಷಧ ಸೀಸೆಯ ತಳಕ್ಕೆ ಇಳಿಯುತ್ತದೆ. ಅಲುಗಾಡಿಸದೆ ಎಳೆದರೆ ಡೋಸ್ ಕಡಿಮೆ. ಚುಚ್ಚಿದ ಜಾಗ ತಿಕ್ಕಿದರೆ ಔಷಧ ಬೇಗ ಕರಗಿ, ಪರಿಣಾಮ ಮೂರು ತಿಂಗಳು ಬಾಳುವುದಿಲ್ಲ. ವರ್ಷ ಮೀರಿ ತೆಗೆದುಕೊಂಡವರಲ್ಲಿ ಮಿದುಳಿನ ಹೊದಿಕೆಯ ಗಡ್ಡೆ, ಮೆನಿಂಜಿಯೋಮ, ಹೆಚ್ಚೆಂದು 2024ರ ಫ್ರೆಂಚ್ ಅಧ್ಯಯನ ಹೇಳಿದೆ. ಅದು ಬಹುಪಾಲು ಕ್ಯಾನ್ಸರ್ ಅಲ್ಲದ ಗಡ್ಡೆ, ಅಪರೂಪದ್ದು. ಆದರೂ ಬಿಡದ ತಲೆನೋವು, ಕಣ್ಣು ಮಂಜಾಗುವುದು ಇದ್ದರೆ ಮುಂದಿನ ಸೂಜಿಗೆ ಮುನ್ನ ವೈದ್ಯರಿಗೆ ತೋರಿಸಬೇಕು.

ಹಾರ್ಮೋನೇ ಬೇಡ ಎನ್ನುವವರಿಗೆ ಕಾಪರ್-ಟಿ ಇದೆ, ಲಖನೌದ ಸಿಡಿಆರ್‌ಐ ಕಂಡುಹಿಡಿದ ‘ಛಾಯಾ’ ಗುಳಿಗೆ ಇದೆ: ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ಒಂದು. ಮಾಲಾ-ಎನ್ ಕೊಡುವುದಾದರೆ ಮೊದಲು ಬಿಪಿ ನೋಡಬೇಕು (140/90 ಮುಟ್ಟಿದ್ದರೆ ಬೇಡ), ಎದೆಯಲ್ಲಿ ಗಂಟು ಇದೆಯೇ, ಕೂಸಿಗೆ ಆರು ತಿಂಗಳು ತುಂಬದೆ ಹಾಲುಣಿಸುತ್ತಿದ್ದಾಳೆಯೇ, ಕ್ಷಯಕ್ಕೆ ರಿಫಾಂಪಿಸಿನ್ ನುಂಗುತ್ತಿದ್ದಾಳೆಯೇ ಎಂದು ಕೇಳಬೇಕು. ವಯಸ್ಸು ಮೂವತ್ತು ದಾಟಿದ್ದರೆ ಅದೇ ಭೇಟಿಯಲ್ಲಿ ಗರ್ಭಕೋಶದ ಕಂಠದ ತಪಾಸಣೆಗೆ ದಿನ ಗೊತ್ತುಮಾಡಿ, ಪಟ್ಟಿಯ ಹಿಂಬದಿಯಲ್ಲಿ ತಾರೀಖು ಬರೆದುಕೊಡಬಹುದು.